ನೀರು ಬಿಟ್ಟವರು

ನಮ್ಮ ಊರಿನಲ್ಲಿ ನೀರಿಗೆ ದುಡ್ಡು ಕೊಡಬೇಕಾಗಿಲ್ಲ. ಇದನ್ನು ಕೇಳಿದ ಹೊರಗಿನವರು ಮೊದಲು ಹೊಟ್ಟೆಕಿಚ್ಚು ಪಡುತ್ತಾರೆ, ಆಮೇಲೆ ಒಂದೆರಡು ದಿನ ಇದ್ದು ನೋಡಿ ಸದ್ದಿಲ್ಲದೆ ಬಸ್ಸು ಹತ್ತುತ್ತಾರೆ. ಇಲ್ಲಿ ನೀರಿಗೆ ತೆರಬೇಕಾದದ್ದು ಮಾತು. ನಲ್ಲಿ ತಿರುಗಿಸಿದ ಕೈ ಯಾರದೋ ಅವರ ಗಂಟಲು ಕಟ್ಟುತ್ತದೆ. ಒಂದು ಕೊಡಕ್ಕೆ ಇಷ್ಟು ಹೊತ್ತು ಎಂದು ನೀರು ಮಂಡಳಿ ಗೊತ್ತುಮಾಡಿದೆ. ಅಷ್ಟು ಹೊತ್ತು ಕಳೆದ ಮೇಲೆ ಬಾಯಿ ತಾನಾಗಿ ಬಿಡುತ್ತದೆ. ಮಂಡಳಿಯ ಸಭೆಯಲ್ಲಿ ಯಾವ ಮಾತು ನಡಾವಳಿಗೆ ಸೇರಿತೋ ಅದು ಆ ಕ್ಷಣದಿಂದಲೇ ಜನರ ಗಂಟಲಿಗೆ ಇಳಿಯುತ್ತದೆ. ಹೇಗೆ ಎಂದು ಕೇಳಬೇಡಿ. ನಿಮ್ಮ ಊರಿನಲ್ಲಿ ನೀರಿನ ಬಿಲ್ಲು ಹೇಗೆ ಅಷ್ಟಾಗುತ್ತದೆ ಎಂದು ನಾನು ಯಾವತ್ತಾದರೂ ಕೇಳಿದ್ದೇನೆಯೇ?

ಜನ ಹೊಂದಿಕೊಂಡಿದ್ದಾರೆ. ಹೆಂಡತಿ ಜಗಳ ತೆಗೆಯುವ ಸೂಚನೆ ಕಂಡರೆ ಗಂಡ ಎದ್ದು ಹೋಗಿ ಹಂಡೆ ತುಂಬಿಸುತ್ತಾನೆ; ಇಂಥ ಗಂಡಸರನ್ನು ಮನೆಗೆಲಸದಲ್ಲಿ ಕೈಜೋಡಿಸುವವರು ಎಂದು ನೆಂಟರು ಹೊಗಳುತ್ತಾರೆ. ಹೆಣ್ಣು ನೋಡಲು ಬರುವ ದಿನ ಮನೆಯ ನಲ್ಲಿಗೆಲ್ಲ ಬಟ್ಟೆ ಸುತ್ತಿಡುತ್ತಾರೆ, ಯಾಕೆಂದರೆ ಮಾತುಕತೆ ಎನ್ನುವುದಕ್ಕೆ ಮಾತಾದರೂ ಇರಬೇಕಲ್ಲ. ಸ್ನಾನ ಮಾಡದೆ ಪುರೋಹಿತರು ಮಂತ್ರ ಹೇಳುವಂತಿಲ್ಲ, ಸ್ನಾನಕ್ಕೆ ನಲ್ಲಿ ತಿರುಗಿಸಿದರೆ ಮಂತ್ರ ಹೊರಡುವುದಿಲ್ಲ. ಹಾಗಾಗಿ ಅವರ ಹಿಂದೆ ಯಾವಾಗಲೂ ಒಬ್ಬ ಮೂಕ ಭಾವಮೈದುನ ಇರುತ್ತಾನೆ. ಬೀದಿ ನಲ್ಲಿಯ ಮುಂದೆ ಸಾಲು ನಿಂತ ಹೆಂಗಸರು ಬರೀ ಹುಬ್ಬು ಮತ್ತು ಮೂಗಿನಲ್ಲಿ ಇನ್ನೊಬ್ಬರ ಮಾನ ಕಳೆಯಬಲ್ಲರು. ಒಂದು ಸಲ ದೊಡ್ಡ ಪೈಪು ಒಡೆದು ವಾರಗಟ್ಟಲೆ ನೀರು ಬರಲಿಲ್ಲ. ಆಗ ಊರಿಗೆ ಊರೇ ಗಬ್ಬು ನಾರುತ್ತಾ ಹಗಲೂ ರಾತ್ರಿ ಹಾಡುತ್ತಿತ್ತು. ಅಷ್ಟು ಸಂತೋಷದ ದಿನಗಳನ್ನು ನಾನು ಮತ್ತೆ ಕಂಡಿಲ್ಲ.

ಇನ್ನು ಅನುಕೂಲಸ್ಥರು. ಅನುಕೂಲಸ್ಥರಿಗೆ ಎಲ್ಲ ಊರಿನಲ್ಲೂ ಒಂದು ಅನುಕೂಲ ಇದ್ದೇ ಇರುತ್ತದೆ. ನಮ್ಮಲ್ಲಿ ಅದಕ್ಕೆ ನಲ್ಲಿಯಾಳು ಎಂದು ಹೆಸರು. ಬೆಳಗ್ಗೆ ಬಂದು ನಲ್ಲಿ ತಿರುಗಿಸಿ, ಹಂಡೆ, ಬಕೆಟ್ಟು, ತೊಟ್ಟಿ ತುಂಬಿಸಿ ಹೋಗುವುದಷ್ಟೇ ಅವರ ಕೆಲಸ. ನೀರು ನಮಗೆ, ಮೌನ ಅವರಿಗೆ. ವಕೀಲರ ಮನೆ, ಮೇಷ್ಟರ ಮನೆ, ಮಂಡಳಿಯ ಅಧ್ಯಕ್ಷರ ಮನೆ, ಎಲ್ಲೆಲ್ಲಿ ಮಾತಿನಿಂದ ಅನ್ನ ಹುಟ್ಟುತ್ತದೋ ಅಲ್ಲೆಲ್ಲ ಒಬ್ಬ ನಲ್ಲಿಯಾಳು. ನಮ್ಮ ಮನೆಯಲ್ಲೂ ಇದ್ದಳು. ನಾನು ಬೆಲ್ಲದ ಮಂಡಿಯಲ್ಲಿ ಹರಾಜು ಕೂಗುವವನು, ಹನುಮಂತರಾಯಪ್ಪ. ನನ್ನ ಗಂಟಲು ಒಂದು ಬೆಳಗ್ಗೆ ಕಟ್ಟಿದರೆ ಆ ದಿನದ ಬೆಲ್ಲವೆಲ್ಲ ಗಾಡಿಯಲ್ಲೇ ಬೆವರುತ್ತದೆ. ಆದ್ದರಿಂದ ನಾನು ನಲ್ಲಿ ಮುಟ್ಟುತ್ತಿರಲಿಲ್ಲ. ಬಾಯಾರಿದರೆ ಚೊಂಬು ಕೈಗೆ ಬರಬೇಕು, ಅಂಥ ದೊಡ್ಡಸ್ತಿಕೆ.

ನಮ್ಮ ನಲ್ಲಿಯಾಳಿನ ಹೆಸರು ಮಾದೇವಿ. ನಮ್ಮ ಬೀದಿಯ ಹಲವು ಮನೆಗಳಿಗೆ ಅವಳೇ. ಗಂಡ ಲಾರಿಯ ಮೇಲೆ ಊರೂರು ತಿರುಗುವವನು, ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಅಪ್ಪ ಈರಯ್ಯ, ಮಂಡಳಿಯ ನೀರುಗಂಟಿ. ಊರಿನ ಮೂಲೆಮೂಲೆಯ ವಾಲ್ವು ತಿರುಗಿಸಿ ಬೀದಿಬೀದಿಗೆ ನೀರು ಬಿಡುವವನು. ವಾಲ್ವು ಎಂದರೆ ನಲ್ಲಿಯಲ್ಲ ಎಂದು ಹಿಂದೆ ಯಾರೋ ಪುಣ್ಯಾತ್ಮ ನಡಾವಳಿಯಲ್ಲಿ ಸೇರಿಸಿದ್ದರಿಂದ ಅವನ ಬಾಯಿ ಮಾತ್ರ ಯಾವತ್ತೂ ಕಟ್ಟಿದ್ದಿಲ್ಲ, ಅದನ್ನು ಅವನು ಮುಚ್ಚಿದ್ದೂ ಇಲ್ಲ. ಆದರೆ ಮೊಮ್ಮಗಳು ಏಳುವ ಮುಂಚೆ ಮನೆ ಬಿಟ್ಟವನು ಅವಳು ಮಲಗಿದ ಮೇಲೆ ಬರುತ್ತಿದ್ದ. ಮೊಮ್ಮಗಳ ಹೆಸರು ವಾಣಿ. ಹುಟ್ಟಿದ ಗಳಿಗೆ ನೋಡಿ ಯಾರೋ ಇಟ್ಟ ಹೆಸರು. ಮೂರು ವರ್ಷ ತುಂಬುತ್ತಾ ಬಂದಿತ್ತು, ಒಂದು ಮಾತೂ ಆಡುತ್ತಿರಲಿಲ್ಲ.

ಅವಳು ತಾಯಿಯ ಸೆರಗು ಹಿಡಿದು ದಿನಾ ನಮ್ಮ ಮನೆಗೆ ಬರುತ್ತಿದ್ದಳು. ನಮ್ಮ ಮನೆಯಲ್ಲಿ ಮಾತಿಗೇನೂ ಬರವಿರಲಿಲ್ಲ. ನಾನು ಬಚ್ಚಲಲ್ಲಿ ನಿಂತು ಆ ದಿನದ ಹರಾಜಿನ ವರಸೆ ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದೆ, ನನ್ನ ಹೆಂಡತಿ ಇಂದ್ರಮ್ಮ ಅಡುಗೆಮನೆಯಿಂದ ನನ್ನ ವಂಶದವರನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದಳು. ಆದರೆ ಆ ಮಗುವಿನ ಪಾಲಿಗೆ ಬರುತ್ತಿದ್ದದ್ದು “ಏಯ್”, “ಆ ಕಡೆ ಕೂತ್ಕೊ”, “ಮುಟ್ಬೇಡ” ಇಷ್ಟೇ. ಇದಕ್ಕೆ ಉತ್ತರ ಕೊಡಲು ಭಾಷೆ ಬೇಕಾಗಿರಲಿಲ್ಲ. ಅವಳು ಆ ಕಡೆ ಹೋಗಿ ಕೂರುತ್ತಿದ್ದಳು.

ಇಂಥ ಸಮಯದಲ್ಲಿ ನೀರು ಮಂಡಳಿಯ ಪ್ರಕಟಣೆ ಬಂತು. ಇಷ್ಟು ದಿನ ಜನ ಒಳಗೆ ಬರುವ ನೀರಿಗೆ ಮಾತ್ರ ಮೌನ ತೆರುತ್ತಿದ್ದು, ಹೊರಗೆ ಹೋಗುವ ನೀರು ಪುಕ್ಕಟೆಯಾಗಿ ಹರಿಯುತ್ತಿರುವುದು ಮಂಡಳಿಯ ಗಮನಕ್ಕೆ ಬಂದಿತ್ತಂತೆ. ಇನ್ನು ಮುಂದೆ ಒಳಚರಂಡಿ ದರ. “ಚರಂಡಿಗೆ ನೀರು ಬಿಟ್ಟವರು ಬಿಟ್ಟಷ್ಟಕ್ಕೂ ಮೌನ ತೆರತಕ್ಕದ್ದು.” ಬಂದ ನೀರೆಲ್ಲ ಹೋಗಲೇಬೇಕಾದ್ದರಿಂದ ಬಂದಷ್ಟೇ ಹೋಗುತ್ತದೆ, ಆದ್ದರಿಂದ ನಲ್ಲಿ ತಿರುಗಿಸಿದ ಕೈಯೇ ಎರಡನ್ನೂ ಹೊರಬೇಕು ಎಂದು ಕೆಳಗೆ ವಿವರಣೆ. ಆಕ್ಷೇಪಣೆ ಇದ್ದವರು ಸಭೆಗೆ ಬಂದು ಬಾಯಿಮಾತಿನಲ್ಲಿ ತಿಳಿಸಬಹುದು; ಬರೆದು ಕೊಟ್ಟದ್ದನ್ನು ಸ್ವೀಕರಿಸಲಾಗುವುದಿಲ್ಲ.

ಸಭೆ ಎಂದರೆ ಹೇಗೆ ನಡೆಯುತ್ತದೆ ಎನ್ನುವುದು ಊರಿಗೆಲ್ಲ ಗೊತ್ತು. ನಮ್ಮ ಬೀದಿಯಂಥ ಕೆಲವು ಬಿಟ್ಟರೆ ಊರಿನ ಬೀದಿಗಳಿಗೆ ನೀರು ದಿನಾ ಬರುವುದಿಲ್ಲ, ವಾರಕ್ಕೆ ಎರಡು ಸಲ ಬಂದರೆ ಪುಣ್ಯ. ಮಂಡಳಿ ಸಭೆಯನ್ನು ಯಾವಾಗಲೂ ಊರಿಗೆಲ್ಲ ನೀರು ಬಿಟ್ಟ ಬೆಳಗಿನ ಬೆನ್ನಿಗೇ ಕರೆಯುತ್ತದೆ. ಬಂದ ನೀರು ಯಾರು ಬಿಡುತ್ತಾರೆ? ಎಲ್ಲರೂ ಹಂಡೆ, ಡ್ರಮ್ಮು ತುಂಬಿಸಿ, ಬಾಯಿ ಕಟ್ಟಿಕೊಂಡು, ಸ್ನಾನ ಮಾಡಿ, ಇಸ್ತ್ರಿ ಬಟ್ಟೆ ತೊಟ್ಟು ಸಭೆಗೆ ಬಂದು ಕೂರುತ್ತಾರೆ. ಹಿಂದಿನ ಸಲ ಅಧ್ಯಕ್ಷ ಲೋಕಪ್ಪನವರು ದರ ಏರಿಕೆಯನ್ನು ಓದಿ, ಯಾರಿಗಾದರೂ ವಿರೋಧವಿದೆಯೇ ಎಂದು ಕೇಳಿ, ತುಂಬಿದ ಸಭೆಯನ್ನು ಪ್ರೀತಿಯಿಂದ ನೋಡಿ, ಸರ್ವಾನುಮತ ಎಂದು ಬರೆಸಿದ್ದರು. ಮುಂದಿನ ಬೆಂಚಿನವರು ಕೈ ಬೀಸಿದ್ದನ್ನು ಬೀಳ್ಕೊಡುಗೆ ಎಂದು ತಿಳಿದುಕೊಂಡರು.

ನಮ್ಮಲ್ಲಿ ಒಂದು ನಿವಾಸಿಗಳ ಸಂಘವಿದೆ. ಅದರ ಅಧ್ಯಕ್ಷ ನಿವೃತ್ತ ಹೆಡ್‌ಮಾಸ್ಟರು ಪದ್ಮನಾಭಯ್ಯ. ಮೇಷ್ಟರುಗಳಲ್ಲಿ ಇವರೊಬ್ಬರು ಮಾತ್ರ ನಲ್ಲಿಯಾಳನ್ನು ಇಟ್ಟುಕೊಂಡಿರಲಿಲ್ಲ, ಬೇರೆಯವರು ಹಿಡಿದ ನೀರು ಅವರಿಗೆ ಮಡಿಯಾಗುವುದಿಲ್ಲ. ಎರಡು ಹೊತ್ತು ಸ್ನಾನ, ಊಟಕ್ಕೆ ಮುಂಚೆ ಕಾಲು ತೊಳೆಯುವುದು, ಅಂಗಳದ ಕರಿಬೇವಿಗೆ ದಿನಾ ನೀರು. ಹೀಗಾಗಿ ಸಂಘದ ಅಧ್ಯಕ್ಷರಾದ ಮೇಲೆ ಅವರ ಬಾಯಿಂದ ಯಾರೂ ಒಂದು ಶಬ್ದ ಕೇಳಿಲ್ಲ. ಅವರು ಮತ್ತು ಸಂಘದ ಇನ್ನಿಬ್ಬರು ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು, ಸ್ಲೇಟಿನ ಮೇಲೆ ಬರೆದು ಬರೆದು ತೋರಿಸಿದರು. ಊರಿನಲ್ಲಿ ಗಂಟಲು ಎಂದರೆ ನಿಮ್ಮದೇ. ಸಭೆಯಲ್ಲಿ ನಮ್ಮ ಪರವಾಗಿ ಕೂಗಬೇಕು.

“ಕೂಗಕ್ಕೆ ಅದೇನು ಬೆಲ್ಲವಾ ಸ್ವಾಮಿ?” ಎಂದೆ. “ನನಗೂ ಮಂಡಳಿಗೂ ಏನು ಸಂಬಂಧ? ನಮ್ಮನೇಲಿ ನಲ್ಲಿ ತಿರುಗಿಸೋದು ಮಾದೇವಿ. ಜಾಸ್ತಿಯಾದ್ರೆ ಅವಳಿಗಾಗುತ್ತೆ.”

ಪದ್ಮನಾಭಯ್ಯ ಸ್ಲೇಟು ಒರೆಸಿ ಬಗಲಿಗಿಟ್ಟುಕೊಂಡು ಹೊರಟುಹೋದರು. ಎಷ್ಟು ಚೆನ್ನಾಗಿ ಜಾರಿಕೊಂಡೆ ಎಂದು ನಾನು ಆ ದಿನವೆಲ್ಲ ಖುಷಿಯಾಗಿದ್ದೆ.

ಮಾರನೆಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಯಾರೋ “ಅಣ್ಣ” ಎಂದರು. ಪರಿಚಯವಿಲ್ಲದ ಧ್ವನಿ. ಹೋಗಿ ನೋಡಿದರೆ ಮಾದೇವಿ, ಸೊಂಟದ ಮೇಲೆ ವಾಣಿ. ವರ್ಷಾನುಗಟ್ಟಲೆ ನಮ್ಮ ಮನೆಯಲ್ಲಿ ಕೆಲಸ ಮಾಡಿದವಳ ಧ್ವನಿಯನ್ನು ನಾನು ಆ ದಿನ ಮೊದಲ ಸಲ ಕೇಳಿದ್ದು. ಧ್ವನಿಯಿಂದ ಹೊಟ್ಟೆ ಹೊರೆಯುವ ನನಗೆ, ಯಾಕೋ, ಕೂರು ಎನ್ನುವುದೂ ತೋಚಲಿಲ್ಲ.

“ಬೇಗ ಹೇಳ್ಬುಡ್ತೀನಿ ಅಣ್ಣ,” ಎಂದಳು. “ನನ್ ಬಾಯಿ ಬಿಡೋದೇ ಈ ಹೊತ್ಗೆ. ಇವಳು ಮಲಗೋವರ್ಗೂ ಒಂದ್ ಗಂಟೆ ಸಿಗ್ತದೆ. ಅದ್ರಲ್ಲೇ ಕಥೆ ಹೇಳ್ಬೇಕು, ಬೈಬೇಕು, ಅಂಗ್ಡಿಗೆ ಹೋಗಿ ಸಾಮಾನು ಕೇಳ್ಬೇಕು. ಈಗ ಚರಂಡಿದೂ ಸೇರ್ಸಿದ್ರೆ ಬೆಳಗಾಗೋವರ್ಗೂ ಬಾಯಿ ಬಿಡಲ್ವಂತೆ. ಬೆಳಗಾದ್ರೆ ಮತ್ತೆ ನಲ್ಲಿ.”

“ಡಾಕ್ಟರಿಗೆ ತೋರಿಸಿದ್ಯಾ ಇವಳನ್ನ?”

“ತೋರ್ಸಿದೆ. ಕಿವಿ ಚೆನ್ನಾಗದೆ, ನಾಲ್ಗೆ ಚೆನ್ನಾಗದೆ, ಮಾತಾಡ್ಸಮ್ಮ ಅಂದ್ರು. ಮಾತು ಹತ್ತೋ ವಯಸ್ಸು ದಾಟಿಹೋದ್ರೆ ಕಷ್ಟ ಅಂದ್ರು. ಅಷ್ಟೇ ಅಣ್ಣ. ಆ ಒಂದ್ ಗಂಟೆ ಉಳಿಸ್ಕೊಡಿ. ಇವತ್ತಿಂದು ಅರ್ಧ ನಿಮ್ ಬಾಗ್ಲಲ್ಲೇ ಹೋಯ್ತು.”

“ಬೇರೆ ಕೆಲಸ ನೋಡ್ಕೋಬಾರ್ದಾ?” ಎಂದು ಕೇಳಿದೆ. ಬುದ್ಧಿವಂತರು ಕೇಳುವ ಪ್ರಶ್ನೆ.

“ನಾನ್ ಬಿಟ್ರೆ ನಿಮ್ಮನೆ ನಲ್ಲಿ ಯಾರ್ ತಿರುಗಿಸ್ತಾರಣ್ಣ?” ಎಂದಳು. ಕೊಂಕಿನಿಂದಲ್ಲ. ನಿಜವಾಗಿಯೂ ಅದೇ ಅವಳ ಯೋಚನೆಯಾಗಿತ್ತು. ವಾಣಿ ಅಷ್ಟು ಹೊತ್ತೂ ತಾಯಿಯ ಬಾಯನ್ನೇ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು. ಬರುತ್ತೇನೆ ಎಂದು ಹೇಳಿ ಕಳಿಸಿದೆ.

ಇಂದ್ರಮ್ಮ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. “ಹೋಗಿ, ಮಾತಾಡಿ. ಅಷ್ಟೇ. ಅಲ್ಲಿ ಪೌರುಷ ತೋರ್ಸಕ್ಕೆ ಹೋಗಿ ಗಂಟ್ಲು ಕಳ್ಕೊಂಡು ಬಂದ್ರೆ ಅನ್ನಕ್ಕೆ ನಾನು ನಿಮ್ಮ ಮಂಡಿ ಮುಂದೆ ಸೆರಗೊಡ್ಡಲ್ಲ,” ಎಂದಳು. ಅವಳಿಗೆ ನಾನು ಚೆನ್ನಾಗಿ ಗೊತ್ತು.

ಸಭೆಯ ದಿನ ಬೆಳಗ್ಗೆ ನೀರು ಧಾರಾಳವಾಗಿ ಬಂತು, ಎಂದೂ ಬಾರದ ಬೀದಿಗಳಿಗೂ ಬಂತು. ಮಂಡಳಿಯ ಉದಾರತೆ. ಸಭಾಂಗಣದೊಳಗೆ ಕಾಲಿಟ್ಟರೆ ಸೋಪಿನ ವಾಸನೆ ಮೂಗಿಗೆ ಹೊಡೆಯಿತು. ಊರಿನ ಜನರೆಲ್ಲ ತಲೆ ಬಾಚಿ, ಬಾಯಿ ಕಟ್ಟಿಕೊಂಡು ಸಾಲುಸಾಲಾಗಿ ಕೂತಿದ್ದರು. ವೇದಿಕೆಯ ಮೇಲೆ ಲೋಕಪ್ಪನವರು, ಪಕ್ಕದಲ್ಲಿ ನಡಾವಳಿ ಬರೆಯಲು ಕಾರ್ಯದರ್ಶಿ ಸೀತಾಪತಿ, ಅವರ ಆಚೆ ಮಂಡಳಿಯ ವಕೀಲರು. ಹಿಂದುಗಡೆ ಗೋಡೆಗೆ ಒರಗಿ, ಕುರ್ಚಿ ಹಾಕಲು ಬಂದಿದ್ದ ಈರಯ್ಯ, ಕೈಯಲ್ಲಿ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ. ಬಾಗಿಲ ಹತ್ತಿರ ಮಾದೇವಿ, ಮಗುವಿನ ಜತೆ.

ಲೋಕಪ್ಪನವರು ದರ ಓದಿ, “ವಿರೋಧ ಯಾರದಾದರೂ?” ಎಂದು ಕೇಳಿ, ಸೀತಾಪತಿಯ ಕಡೆ ಆಗಲೇ ತಿರುಗಿಬಿಟ್ಟಿದ್ದರು. ನಾನು “ನಂದಿದೆ ಸ್ವಾಮಿ” ಎಂದೆ. ಮಂಡಿಯ ಗಂಟಲು ನೋಡಿ, ಕಿಟಕಿಯ ಗಾಜು ಅದುರಿತು. ಆ ಸಭಾಂಗಣದಲ್ಲಿ ವೇದಿಕೆಯ ಕೆಳಗಿನಿಂದ ಮಾತು ಕೇಳಿ ಎಷ್ಟು ವರ್ಷವಾಗಿತ್ತೋ, ಲೋಕಪ್ಪನವರು ಮೊದಲು ತಮ್ಮ ಮೈಕನ್ನೇ ತಟ್ಟಿ ನೋಡಿದರು.

ನಾನು ಒಪ್ಪಿದ್ದು ತಿಳಿದು ಸಂಘದವರು ಸ್ಲೇಟಿನ ಮೇಲೆ ಕಲಿಸಿಕೊಟ್ಟಿದ್ದನ್ನು ಒಂದೊಂದಾಗಿ ಬಿಟ್ಟೆ. ಗಿಡಕ್ಕೆ ಹಾಕಿದ ನೀರು ಚರಂಡಿಗೆ ಹೋಗುವುದಿಲ್ಲವಲ್ಲ, ಅದಕ್ಕೂ ಚರಂಡಿಯ ಮೌನ ಯಾಕೆ? ಪದ್ಮನಾಭಯ್ಯ ಜೋರಾಗಿ ತಲೆಯಾಡಿಸಿದರು.

“ಯಾವ ಗಿಡ?” ಎಂದರು ಲೋಕಪ್ಪ.

“ಕರಿಬೇವು.”

“ಕರಿಬೇವನ್ನು ಒಗ್ಗರಣೆಗೆ ಹಾಕುತ್ತೀರಿ. ಒಗ್ಗರಣೆ ಸಾರಿಗೆ ಹೋಗುತ್ತದೆ. ಸಾರು ನಿಮ್ಮ ಹೊಟ್ಟೆಗೆ ಹೋಗುತ್ತದೆ. ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹೆಂಗಸರಿರುವ ಸಭೆಯಲ್ಲಿ ನಾನು ಹೇಳುವುದಿಲ್ಲ. ಕೊನೆಗೆ ಎಲ್ಲವೂ ನಮ್ಮ ಹತ್ತಿರವೇ ಬರುತ್ತದೆ.”

“ಕುಡಿದ ನೀರು ಬೆವರಾಗಿ ಹೋಗುತ್ತಲ್ಲ ಸ್ವಾಮಿ?”

“ಬೆವರಿದ ಅಂಗಿಯನ್ನು ನೀವು ಒಗೆಯುವುದಿಲ್ಲವೇ?”

“ಆವಿಯಾಗಿ ಹೋದದ್ದು?”

“ಮಳೆಯಾಗಿ ಬರುತ್ತದೆ. ಮಳೆ ನೀರೂ ನಮ್ಮ ಚರಂಡಿಗೇ ಇಳಿಯುತ್ತದೆ. ಅದಕ್ಕೆ ಸದ್ಯಕ್ಕೆ ದರ ಹಾಕಿಲ್ಲ. ಅದನ್ನು ನೀವು ನೆನಪಿಸಿದ್ದು ಒಳ್ಳೆಯದಾಯಿತು,” ಎಂದು ಲೋಕಪ್ಪ ಸೀತಾಪತಿಗೆ ಸನ್ನೆ ಮಾಡಿದರು. ಸೀತಾಪತಿ ಗುರುತು ಹಾಕಿಕೊಂಡರು. ಸಭೆಯಿಂದ ಒಂದು ದೊಡ್ಡ ಉಸಿರು ಬಂತು. ಇನ್ನು ಸ್ವಲ್ಪ ಹೊತ್ತು ನಾನು ಹೀಗೇ ವಾದಿಸಿದರೆ ಕಣ್ಣೀರಿಗೂ ದರ ಬೀಳುತ್ತದೆ ಎಂದು ಜನ ಹೆದರಿದ್ದು ಅವರ ಮುಖದಲ್ಲೇ ಕಾಣುತ್ತಿತ್ತು.

ಸಂಘದವರ ಸರಕು ಮುಗಿಯಿತು. ನಾನು ಬೆವರೊರೆಸಿಕೊಂಡು ಪ್ರಕಟಣೆಯನ್ನು ಇನ್ನೊಮ್ಮೆ ನೋಡಿದೆ. ಆಗ ಕಣ್ಣಿಗೆ ಬಿದ್ದದ್ದು ಆ ಒಂದು ಮಾತು.

“ಸ್ವಾಮಿ, ಇಲ್ಲಿ ‘ನೀರು ಬಿಟ್ಟವರು’ ಅಂತ ಬರೆದಿದ್ದೀರಿ. ಇದು ನಿಮ್ಮ ಮಾತೇ ತಾನೆ?”

“ನಮ್ಮದೇ.”

“ಹಾಗಾದ್ರೆ ಒಂದು ಕೇಳ್ತೀನಿ. ಈ ಊರಲ್ಲಿ ಬೆಳಗ್ಗೆ ಎದ್ದು ಒಬ್ಬರಿಗೊಬ್ಬರು ಏನು ಕೇಳ್ತೀವಿ? ‘ನೀರು ಬಿಟ್ರಾ?’ ಅಂತ. ಯಾರು ಬಿಟ್ರಾ ಅಂತ? ನಾವು ನೀರು ಹಿಡಿಯೋರು ಸ್ವಾಮಿ. ಹುಟ್ಟಿದಾಗಿಂದ ಹಿಡೀತಾನೇ ಇದ್ದೀವಿ. ಬಿಡೋರು ನೀವು. ನೀವು ಬಿಡದೆ ಇದ್ರೆ ನಮ್ಮ ನಲ್ಲಿಗೂ ಬರಲ್ಲ, ಚರಂಡಿಗೂ ಹೋಗಲ್ಲ. ನೀರು ಬಿಟ್ಟವರು ಮೌನ ತೆರಬೇಕು ಅಂತ ನೀವೇ ಬರೆದಿದ್ದೀರಿ. ಈ ಊರಲ್ಲಿ ನೀರು ಬಿಟ್ಟವರು ಯಾರು? ಅದೊಂದನ್ನ ನಡಾವಳಿಗೆ ಸೇರಿಸ್ಬಿಡಿ, ನಮಗೆ ಬೇರೆ ಆಕ್ಷೇಪಣೆ ಇಲ್ಲ.”

ಯಾರೋ ಬೆಂಚು ಗುದ್ದಿದರು, ಅದರ ಹಿಂದೆ ಎಲ್ಲರೂ ಗುದ್ದಿದರು. ಬಾಯಿಲ್ಲದ ಜನ ಅಷ್ಟು ಸದ್ದು ಮಾಡಬಹುದೆಂದು ನನಗೆ ಗೊತ್ತಿರಲಿಲ್ಲ. ಲೋಕಪ್ಪನವರ ಕೈ ತಾನಾಗಿ ಗಂಟಲಿಗೆ ಹೋಯಿತು. “ನಾವೇ” ಎಂದು ಹೇಳುವುದು ಅವರ ಇಪ್ಪತ್ತು ವರ್ಷದ ಅಭ್ಯಾಸ. ಆಸ್ಪತ್ರೆ ಕಟ್ಟಿಸಿದವರು ಯಾರು, ನಾವೇ. ರಸ್ತೆ ಮಾಡಿಸಿದವರು ಯಾರು, ನಾವೇ. ಆ ಮಾತು ತುದಿನಾಲಿಗೆಗೆ ಬಂದದ್ದನ್ನು ನಾನು ನೋಡಿದೆ. ವಕೀಲರು ಅವರ ತೋಳು ಹಿಡಿದು ಕಿವಿಯಲ್ಲಿ ಏನೋ ಊದಿದರು. ನಾನು ಗೆದ್ದೆ ಎಂದುಕೊಂಡು ಅಂಗಿಯ ಕಾಲರು ಸರಿಮಾಡಿಕೊಂಡೆ. ಮೂರ್ಖನಿಗೆ ಅಷ್ಟು ಹೊತ್ತು ಸಾಕು.

ಲೋಕಪ್ಪ ಮುಗುಳ್ನಕ್ಕರು. “ಮಂಡಳಿ ನೀರು ಬಿಡುವುದಿಲ್ಲ,” ಎಂದರು. “ಮಂಡಳಿ ಧೋರಣೆಯನ್ನು ರೂಪಿಸುತ್ತದೆ. ನೀರು ಬಿಡುವುದು ನೀರುಗಂಟಿ. ಸೀತಾಪತಿ, ಬರೆದುಕೊಳ್ಳಿ. ಈ ಊರಿನಲ್ಲಿ ನೀರು ಬಿಟ್ಟವನು ನೀರುಗಂಟಿ ಈರಯ್ಯ. ಚರಂಡಿಯ ಮೌನವೆಲ್ಲ ಅವನ ಬಾಬ್ತು. ಸಾರ್ವಜನಿಕರಿಗೆ ಒಂದು ಕೊಡದಷ್ಟೂ ಹೊರೆಯಿಲ್ಲ.”

ಬೆಂಚು ಗುದ್ದುತ್ತಿದ್ದ ಕೈಗಳು ನಿಂತವು. ನಿಂತದ್ದು ಕೋಪದಿಂದ ಎಂದು ಬರೆದರೆ ನಿಮಗೆ ನಮ್ಮ ಊರಿನ ಮೇಲೆ ಗೌರವ ಬರಬಹುದು. ನಿಜ ಹೇಳಬೇಕೆಂದರೆ ಜನ ಲೆಕ್ಕ ಹಾಕುತ್ತಿದ್ದರು. ಊರಿನ ಚರಂಡಿಯ ಮೌನವೆಲ್ಲ ಒಬ್ಬ ಮುದುಕನ ಮೇಲೆ ಬಿದ್ದರೆ ಉಳಿದವರೆಲ್ಲ ಪಾರು. ಮಾದೇವಿಯ ಒಂದು ಗಂಟೆಯೂ ಉಳಿಯುತ್ತದೆ. ಯಾರಿಗೂ ನಷ್ಟವಿಲ್ಲ, ಈರಯ್ಯ ಇನ್ನು ಸಾಯುವವರೆಗೆ ಮಾತಾಡುವುದಿಲ್ಲ, ಅಷ್ಟೇ. ಪದ್ಮನಾಭಯ್ಯ ಕನ್ನಡಕ ತೆಗೆದು ಒರೆಸತೊಡಗಿದರು, ಸುಮ್ಮನೆ, ಬಹಳ ಹೊತ್ತು.

ಈರಯ್ಯನಿಗೆ ಅರ್ಥವಾದದ್ದು ಬೇರೆ. ಇಷ್ಟು ದೊಡ್ಡ ಸಭೆಯಲ್ಲಿ, ಅಧ್ಯಕ್ಷರ ಬಾಯಲ್ಲಿ ತನ್ನ ಹೆಸರು. ಅವನು ಕೀಲಿಯನ್ನು ಗೋಡೆಗೆ ಒರಗಿಸಿ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಮುಂದೆ ಬರತೊಡಗಿದ. ಒಬ್ಬೊಬ್ಬರ ಮುಖ ನೋಡಿ ನಗುತ್ತಿದ್ದ. ಮಂಡಳಿಯ ಕಾನೂನಿನಂತೆ ಒಬ್ಬರ ಹೆಸರು ನಡಾವಳಿಗೆ ಸೇರಿಸುವ ಮುಂಚೆ ಮೂರು ಸಲ ಕೇಳಬೇಕು. ಸೀತಾಪತಿ ಕಾನೂನು ಮೀರುವವರಲ್ಲ. “ನೀರು ಬಿಟ್ಟವರು ಬೇರೆ ಯಾರಾದರೂ ಇದ್ದೀರಾ? ಒಂದನೇ ಸಲ,” ಎಂದರು.

ಬಾಗಿಲ ಹತ್ತಿರ ಮಾದೇವಿ ಬಾಯಿ ತೆರೆದಿದ್ದಳು. ಬೆಳಗ್ಗೆ ನಮ್ಮ ಮನೆಯ ಹಂಡೆ ತುಂಬಿಸಿ ಬಂದವಳು. ಅಪ್ಪಾ ಎಂದು ಕೂಗುತ್ತಿದ್ದಳು ಎಂದು ಕಾಣುತ್ತದೆ. ತುಟಿ ಆಡುತ್ತಿತ್ತು, ಕುತ್ತಿಗೆಯ ನರ ಉಬ್ಬಿತ್ತು, ಉಸಿರು ಬಿಟ್ಟರೆ ಬೇರೇನೂ ಹೊರಡುತ್ತಿರಲಿಲ್ಲ. ವಾಣಿ ಅವಳ ಮುಖ ನೋಡಿಕೊಂಡು, ಹಾಗೆಯೇ, ತನ್ನ ಬಾಯನ್ನೂ ತೆರೆದು ಮುಚ್ಚಿ ಮಾಡುತ್ತಿದ್ದಳು. ಮಗು ಮಾತು ಕಲಿಯುತ್ತಿತ್ತು. ತಾಯಿ ಆಡುವ ಮಾತನ್ನೇ ಕಲಿಯುತ್ತಿತ್ತು.

“ಎರಡನೇ ಸಲ,” ಎಂದರು ಸೀತಾಪತಿ.

ಮಂಡಿಯಲ್ಲಿ ಒಂದು ಪದ್ಧತಿಯಿದೆ. ಮೂರು ಸಲ ಕೂಗಿದ ಮೇಲೂ ಒಂದು ಮಾಲನ್ನು ಯಾರೂ ಕೇಳದೆ ಹೋದರೆ, ತಂದವನ ಮುಖ ಜನರೆದುರು ಸಣ್ಣದಾಗಬಾರದೆಂದು, ಕೂಗುವವನೇ “ನಂದು” ಎನ್ನಬೇಕು. ಮಾಲೇನೂ ಅವನ ಮನೆಗೆ ಹೋಗುವುದಿಲ್ಲ, ಆಮೇಲೆ ಮಂಡಿಯ ಶೆಟ್ಟರು ಹೇಗೋ ಸರಿಮಾಡುತ್ತಾರೆ. ಬರೀ ಬಾಯಿಮಾತಿನ ಮರ್ಯಾದೆ. ಈರಯ್ಯ ವೇದಿಕೆಯ ಮುಂದೆ ಬಂದು ಕೈಮುಗಿದು, ಗಂಟಲು ಸರಿಮಾಡಿಕೊಂಡ. “ನಾನೇ ಸ್ವಾಮಿ” ಎಂದು ಅವನು ಹೆಮ್ಮೆಯಿಂದ ಹೇಳುವವನಿದ್ದ.

“ಮೂರನೇ ಸಲ.”

“ನಂದು,” ಎಂದೆ.

“ಏನು ನಿಮ್ಮದು?” ಎಂದರು ಲೋಕಪ್ಪ.

“ನೀರು. ಈ ಊರಲ್ಲಿ ಚರಂಡಿಗೆ ನೀರು ಬಿಟ್ಟವನು ನಾನು. ಹನುಮಂತರಾಯಪ್ಪ. ಬರ್ಕೊಳಿ.”

ಅದು ರೂಢಿಯಿಂದ ಬಂದ ಮಾತೋ, ಬೇಕೆಂದೇ ಆಡಿದ್ದೋ ಎಂದು ಆಮೇಲೆ ಎಷ್ಟೋ ಜನ ಸ್ಲೇಟು ಹಿಡಿದುಕೊಂಡು ಬಂದು ಕೇಳಿದ್ದಾರೆ. ನನಗೇ ಗೊತ್ತಿಲ್ಲ. ಆ ಜಾಣತನದ ಪ್ರಶ್ನೆ ಕೇಳಿ ಮುದುಕನ ಕೊರಳಿಗೆ ಹಗ್ಗ ಹಾಕಿದವನು ನಾನು, ಅದು ಮಾತ್ರ ಗೊತ್ತಿತ್ತು. ಸೀತಾಪತಿ ಬರೆದರು. ಅವರು ಚುಕ್ಕೆ ಇಟ್ಟದ್ದು ನನಗೆ ಗಂಟಲಲ್ಲೇ ತಿಳಿಯಿತು.

ಮಂಡಳಿಯ ಆ ವರ್ಷದ ವರದಿಯಲ್ಲಿ ಒಳಚರಂಡಿ ದರ ನೂರಕ್ಕೆ ನೂರು ವಸೂಲಾಗಿದೆ ಎಂದು ಬಂತು. ನಿವಾಸಿಗಳ ಸಂಘ ನನಗೆ ಶಾಲು ಹೊದಿಸಿ ಸನ್ಮಾನ ಮಾಡಿತು. ಪದ್ಮನಾಭಯ್ಯನವರು ನನ್ನ ಬಗ್ಗೆ ಎರಡು ಮಾತಾಡುವುದೆಂದು ನಿಗದಿಯಾಗಿತ್ತು, ಆದರೆ ಸಮಾರಂಭವೆಂದು ತಲೆಗೆ ನೀರು ಹಾಕಿಕೊಂಡು ಬಂದಿದ್ದರು. ಇಂದ್ರಮ್ಮ ಮಾತ್ರ ಊರಿನವರೆಲ್ಲ ನುಂಗಿಕೊಂಡದ್ದನ್ನು ಸೇರಿಸಿ ಒಬ್ಬಳೇ ಆಡಿದಳು. “ಊರೋರ ಕೊಳೆಯೆಲ್ಲ ತಂದು ನಮ್ಮನೇಗೆ ಸುರಿದ್ರಲ್ಲ,” ಎಂದು ಶುರುಮಾಡಿದವಳು ದೀಪಾವಳಿಯವರೆಗೆ ನಿಲ್ಲಿಸಲಿಲ್ಲ. ಬೇರೆ ಗಂಡಂದಿರ ಹಾಗೆ ಹಂಡೆ ತುಂಬಿಸಲು ಎದ್ದು ಹೋಗುವ ಅಗತ್ಯವೂ ನನಗಿರಲಿಲ್ಲ.

ಒಂದು ಬೆಳಗ್ಗೆ ಅವಳೇ ಬೈಯುತ್ತಾ ಬೈಯುತ್ತಾ ತಟ್ಟನೆ ನಿಲ್ಲಿಸಿ, “ಅಲ್ಲಾ, ಹೆಂಗೂ ಬಾಯಿ ಹೋಗೈತೆ. ಇನ್ನು ನೀವು ನಲ್ಲಿ ತಿರುಗಿಸಿದ್ರೆ ಹೋಗೋದೇನು?” ಎಂದಳು. ಮಂಡಳಿಯ ವಕೀಲರಿಗೂ ಹೊಳೆಯದ ಮಾತು. ಎದ್ದು ಹೋಗಿ ನಲ್ಲಿ ತಿರುಗಿಸಿದೆ. ಹಂಡೆ ತುಂಬಿತು, ನನಗೆ ಏನೂ ಆಗಲಿಲ್ಲ. ಆಗುವುದಕ್ಕೆ ಏನೂ ಉಳಿದಿರಲಿಲ್ಲ. ಸುದ್ದಿ ಬೀದಿಗೆ ಹಬ್ಬಿತು. ಈಗ ಮಾದೇವಿ ಹೋಗುತ್ತಿದ್ದ ಮನೆಗಳಿಗೆಲ್ಲ ನಾನೇ ಹೋಗಿ ನಲ್ಲಿ ತಿರುಗಿಸುತ್ತೇನೆ, ಅವಳಿಗೆ ಕೊಡುತ್ತಿದ್ದ ಸಂಬಳವೇ ನನಗೆ. ವಕೀಲರ ಹೆಂಡತಿ ನನಗೂ “ಆ ಕಡೆ ಕೂತ್ಕೊ” ಎನ್ನುತ್ತಾರೆ. ನಾನು ಆ ಕಡೆ ಹೋಗಿ ಕೂರುತ್ತೇನೆ.

ಹಾಗಾದರೆ ಮಾದೇವಿಯ ಅನ್ನ? ಅವಳು ಮಂಡಿಗೆ ಹೋದಳು. ವರ್ಷಗಟ್ಟಲೆ ನಮ್ಮ ಬಚ್ಚಲ ಬಾಗಿಲಲ್ಲಿ ನಿಂತು ನನ್ನ ವರಸೆಯನ್ನೆಲ್ಲ ಕೇಳಿದ್ದಳಲ್ಲ. ಹೆಂಗಸು ಹರಾಜು ಕೂಗುವುದುಂಟೇ ಎಂದು ಶೆಟ್ಟರು ಮೊದಲು ಮುಖ ಸಿಂಡರಿಸಿದರು, ನಾಲ್ಕು ದಲ್ಲಾಳಿಗಳು ನಕ್ಕರು. ಅವಳು ಅಚ್ಚುಬೆಲ್ಲದ ಮೊದಲ ಗಾಡಿಯ ಮೇಲೆ ಹತ್ತಿ ಬಾಯಿ ಬಿಟ್ಟಳು. ಖರ್ಚಾಗದೆ ಉಳಿದಿದ್ದ ಗಂಟಲು, ಮಂಡಿಯ ತಗಡಿನ ಸೂರು ಝಣ್ ಎಂದಿತಂತೆ. ನನಗೆ ಇಪ್ಪತ್ತು ವರ್ಷದಲ್ಲಿ ಹುಟ್ಟದ ರೇಟು ಆ ದಿನ ಹುಟ್ಟಿತು ಎಂದು ಶೆಟ್ಟರು ನನ್ನೆದುರಿಗೇ ಹೇಳಿದರು. ಮೂಕನೆದುರು ಏನು ಹೇಳಿದರೂ ನಡೆಯುತ್ತದೆ ಎಂದು ಜನರಿಗೆ ಬೇಗ ಗೊತ್ತಾಗುತ್ತದೆ.

ಆದರೆ ಮಗುವಿನೆದುರು ಅವಳಿಗೆ ಮಾತು ಸುಲಭವಾಗಿರಲಿಲ್ಲ. ಮಂಡಿ ಮುಗಿಸಿ ಬಂದು, ಇಡೀ ಸಂಜೆ ಕೈಯಲ್ಲಿದ್ದಾಗ, ಏನು ಹೇಳಬೇಕೆಂದು ತೋಚದೆ ವಾಣಿಯನ್ನು ನೋಡುತ್ತಾ ಕೂತುಬಿಟ್ಟಳಂತೆ. ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತಿ ತೋರಿಸಿದಳಂತೆ. ಇದು ಈರುಳ್ಳಿ, ಇದು ಮೆಣಸಿನಕಾಯಿ, ಇದು ನಿನ್ನ ಕಿವಿ, ಇದು ನಮ್ಮಪ್ಪ. ಆ ಸಂಜೆ ಬೇಗ ಮನೆಗೆ ಬಂದಿದ್ದ ಈರಯ್ಯ ನನಗೆ ಇದನ್ನು ಹೇಳುತ್ತಾ ನಕ್ಕ. ಅವನಿಗೆ ಆ ದಿನ ಸಭೆಯಲ್ಲಿ ತನ್ನ ಮೇಲೆ ಏನು ಬೀಳುವುದಿತ್ತು ಎನ್ನುವುದು ಇಂದಿಗೂ ಗೊತ್ತಿಲ್ಲ. ತನಗೆ ಆಗುವುದಿದ್ದ ಸನ್ಮಾನವನ್ನು ನಾನು ಮಧ್ಯೆ ಬಾಯಿ ಹಾಕಿ ಕೆಡಿಸಿದೆ ಎಂದು ಅವನಿಗೆ ನನ್ನ ಮೇಲೆ ಸ್ವಲ್ಪ ಅಸಮಾಧಾನವಿದೆ.

ಬೆಳಗಿನ ಹೊತ್ತು ಮಾದೇವಿ ವಾಣಿಯನ್ನು ಮಂಡಿಯ ಗಲಾಟೆಗೆ ಒಯ್ಯುವುದಿಲ್ಲ, ನನ್ನ ಜತೆ ಬಿಟ್ಟುಹೋಗುತ್ತಾಳೆ. ಅವಳು ನನ್ನ ಹಿಂದೆ ಮನೆಯಿಂದ ಮನೆಗೆ ಬರುತ್ತಾಳೆ. ಹೋದ ಸೋಮವಾರ ಪದ್ಮನಾಭಯ್ಯನವರ ಹಿತ್ತಲಲ್ಲಿ ಬಕೆಟ್ಟು ಹಿಡಿದಿದ್ದೆ. ಬೇರೆಯವರು ಹಿಡಿದ ನೀರು ಈಗ ಅವರಿಗೂ ಮಡಿಯಾಗುತ್ತದೆ. ನನ್ನ ಮನಸ್ಸು ಎಲ್ಲೋ ಇತ್ತು. ಮಂಡಿಯ ಕಡೆಯಿಂದ ಗಾಳಿಯಲ್ಲಿ ಮಾದೇವಿಯ ಕೂಗು ಸಣ್ಣಗೆ ಬರುತ್ತಿತ್ತು, ಅವಳು ಒಂದು ಕಡೆ ಉಸಿರು ತಪ್ಪಾಗಿ ಎಳೆದದ್ದು ಕೇಳಿ, ಹಾಗಲ್ಲ ಎಂದು ಹೇಳಲು ಬಾಯಿ ತೆರೆದು, ಬರುವುದಿಲ್ಲವೆಂದು ನೆನಪಾಗಿ ಮುಚ್ಚಿದೆ. ನಿಜಕ್ಕೂ ದುಃಖವಾಯಿತು. ಅಷ್ಟರಲ್ಲಿ ಬಕೆಟ್ಟು ತುಂಬಿ ನೀರು ನನ್ನ ಕಾಲ ಮೇಲೆ ಹರಿಯುತ್ತಿತ್ತು.

“ಸಾಕು,” ಎಂದಳು ವಾಣಿ.

ನಾನು ತಿರುಗಿ ನೋಡಿದೆ. ಅವಳು ಕಲ್ಲಿನ ಮೇಲೆ ಕೂತು, ಒದ್ದೆಯಾಗದಂತೆ ಕಾಲೆತ್ತಿಕೊಂಡು, ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಳು. ಕೇಳಿಸಲಿಲ್ಲವೇನೋ ಎಂದು ಇನ್ನೂ ಸ್ವಲ್ಪ ಜೋರಾಗಿ, “ಸಾಕು ತಾತ,” ಎಂದಳು. ನಾನು ಹುಟ್ಟಿದಾಗಿನಿಂದ ಈ ಊರಿನಲ್ಲಿ ಸುರಿಯುವ ನಲ್ಲಿಯ ಮುಂದೆ ಕೂತು ಯಾರೂ ಮಾತಾಡಿದ್ದನ್ನು ಕೇಳಿರಲಿಲ್ಲ. ಇನ್ನೊಮ್ಮೆ ಹೇಳಲಿ ಎಂದು ನೀರನ್ನು ಹಾಗೆಯೇ ಬಿಟ್ಟೆ.